ಎಳ್ಳಮಾಸಿ ರಜೆ, ಮನೆಯ ಕ್ಯಾಪುಚಿನೊ, ಒಂದು ರಬ್ಬರ್ ರಿಂಗ್ | ಕಲಬುರಗಿ ವ್ಲಾಗ್

ನಮಸ್ಕಾರ ಎಲ್ಲರಿಗೂ. ಹಿಂದೆ ಕೇಳುತ್ತಿರುವ ಗದ್ದಲ ಮಕ್ಕಳದ್ದು. ಬೇಕಂತಲೇ ತೆಗೆದಿಲ್ಲ, ರಜೆ ಅಂದಮೇಲೆ ಇಷ್ಟು ಸದ್ದು ಇರಲೇಬೇಕು. ಪುಣೆಯಿಂದ ಅಣ್ಣ, ವೈನಿ, ಮಕ್ಕಳು ಬಂದಿದ್ದಾರೆ. ಈ ಸಲ ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್ ರಜೆ ಎರಡೂ ಅಕ್ಕಪಕ್ಕ ಬಂದವು, ಹಾಗಾಗಿ ಮನೆ ತುಂಬಿದೆ. ಚಳಿಯೂ ಚೆನ್ನಾಗಿದೆ. ಕಲಬುರಗಿ ಅಂದ್ರೆ ವರ್ಷವಿಡೀ ಬಿಸಿಲು ಅಂದುಕೊಂಡವರು ಡಿಸೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೆ ನಮ್ಮ ಮಾಳಿಗೆ ಮೇಲೆ ಬಂದು ನಿಲ್ಲಬೇಕು.

ವೈನಿಗೆ ಬೆಳಗ್ಗೆ ಕ್ಯಾಪುಚಿನೊ, ಅಂದರೆ ಗಟ್ಟಿ ಕಾಫಿಗೆ ನೊರೆ ಹಾಲು ಹಾಕಿದ್ದು, ಕುಡಿದು ರೂಢಿ. ಬಂದ ದಿನವೇ ಕೇಳಿದರು, "ಇಲ್ಲಿ ಮನೀ ಹತ್ತಿರ ಎಲ್ಲಿ ಛಲೋ ಸಿಗ್ತದ?" ಅಂತ. ನಾನು "ಎಲ್ಲಿಗೂ ಹೋಗೂದು ಬ್ಯಾಡ್ರಿ ವೈನಿ, ನಾನೇ ಮಾಡ್ತೀನಿ" ಅಂದೆ. ಅಪ್ಪ ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು, ಏನೂ ಮಾತಾಡಲಿಲ್ಲ. ನಮ್ಮೂರು ಚಹಾದ ಊರು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದೆವು, ಆ ಕಡೆಯ ಖಡಕ್ ಚಹಾದ ರುಚಿ ಇನ್ನೂ ನಾಲಿಗೆ ಬಿಟ್ಟಿಲ್ಲ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ನಮ್ಮ ಕರ್ನಾಟಕದಲ್ಲೇ. ಆದರೆ ಅದು ಕೊಡಗು, ಚಿಕ್ಕಮಗಳೂರು, ಹಾಸನದ ಮಾತು. ಈ ಕಡೆ ಹೊಲಕ್ಕೆ ಹೋದರೆ ಕಾಣೋದು ತೊಗರಿ, ಜೋಳ, ಕಡಲೆ. ಮೊನ್ನೆ ಎಳ್ಳಮಾಸಿಗೆ ಹೊಲಕ್ಕೆ ಹೋಗಿದ್ದೆವಲ್ಲ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ... ಆ ವಿಡಿಯೋ ಬೇರೆ ಹಾಕುತ್ತೇನೆ. ಈಗ ಅದಕ್ಕೆ ಹೋದರೆ ಕಾಫಿ ಇಲ್ಲೇ ಉಳಿಯುತ್ತದೆ.

ಇದು ನೋಡಿ, ಮೊಕಾ ಪಾಟ್. ಕೆಳಗೆ ನೀರು, ನಡುವೆ ಪುಡಿ, ಮೇಲೆ ಕಾಫಿ ಬಂದು ಬೀಳುತ್ತದೆ. ಇಟಲಿಯಲ್ಲಿ 1933ರಲ್ಲಿ ಬಿಯಾಲೆಟ್ಟಿ ಎಂಬುವರು ತಂದದ್ದು. ಕೆಫೆಯ ಮಷೀನ್ 9 ಬಾರ್ ಒತ್ತಡದಲ್ಲಿ ಕಾಫಿ ಇಳಿಸುತ್ತದೆ, ಅದಕ್ಕೇ ಎಸ್ಪ್ರೆಸೊ ಅನ್ನೋದು. ಇದರಲ್ಲಿ ಒಂದೂವರೆ ಬಾರ್ ಬಂದರೆ ಜಾಸ್ತಿ. ಹಾಗಾಗಿ ನಿಯಮ ಹಿಡಿದು ನೋಡಿದರೆ ಇದರಲ್ಲಿ ಬರೋದು ಎಸ್ಪ್ರೆಸೊ ಅಲ್ಲ. ಮೇಲೆ ಆ ಕಂದು ಬಣ್ಣದ ದಪ್ಪ ನೊರೆ, ಕ್ರೆಮಾ ಅಂತಾರಲ್ಲ, ಅದು ಕೂಡ ನಿಲ್ಲಲ್ಲ. ಆದರೆ ಹಾಲು ಹಾಕಿದ ಮೇಲೂ ಎದ್ದು ಕಾಣುವಷ್ಟು ಗಟ್ಟಿ ಕಾಫಿ ಬರುತ್ತದೆ, ನಮಗೆ ಬೇಕಾಗಿದ್ದೂ ಅದೇ. ಸಾವಿರಾರು ರೂಪಾಯಿ ಮಷೀನ್ ತಗೊಳ್ಳಬೇಡಿ ಅಂತಲೇ ನಾನು ಹೇಳೋದು.

ಈಗ ಈ ಶಾಟ್ ನೋಡಿ. ನಡುವಿನಿಂದ ಆವಿ ಹೊರಗೆ ಹೋಗುತ್ತಿದೆ, ಕಾಣಿಸ್ತಾ? ಪಕ್ಕದಲ್ಲಿ ನೀರು ಜಿನುಗುತ್ತಿದೆ. ಮೇಲೆ ಕಾಫಿ ಒಂದು ಹನಿಯೂ ಇಲ್ಲ. ಇದರ ಬಗ್ಗೆ ನಾನು ಸ್ವಲ್ಪ ಮಾತಾಡಲೇಬೇಕು.

ಮೊಕಾ ಪಾಟ್‌ನ ಮೇಲಿನ ಭಾಗದ ಅಡಿಯಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ. ಅದು ದಿನಾ ಬಿಸಿ ತಿಂದು ತಿಂದು ಗಟ್ಟಿಯಾಗುತ್ತದೆ, ಸೀಳು ಬಿಡುತ್ತದೆ. ಆಗ ಒತ್ತಡ ನಿಲ್ಲಲ್ಲ. ಒತ್ತಡ ಇಲ್ಲದಿದ್ದರೆ ನೀರು ಪುಡಿಯ ಮೂಲಕ ಮೇಲೆ ಏರಲ್ಲ, ಸುಮ್ನೆ ಕೆಳಗೇ ಕುದಿಯುತ್ತದೆ. ಎಷ್ಟೇ ಬಿಗಿಯಾಗಿ ತಿರುಗಿಸಿದರೂ ಪ್ರಯೋಜನ ಇಲ್ಲ. ಇಡೀ ಪಾತ್ರೆಯಲ್ಲಿ ಸವೆಯೋದು ಅದೊಂದೇ, ಅದನ್ನೇ ಜೊತೆಗೆ ಇನ್ನೊಂದು ಕೊಡಲ್ಲ! ಡಬ್ಬಿಯಲ್ಲಿ ಹತ್ತು ಭಾಷೆಯ ಕಾಗದ ಇಡುತ್ತಾರೆ, ಒಂದು ರಿಂಗ್ ಇಡೋಕೆ ಏನು ಕಷ್ಟ? ನನಗೆ ನಿಜವಾಗಲೂ ಸಿಟ್ಟು ಬಂತು. ಮನೆಯಲ್ಲಿ ಜನ ಕಾಯುತ್ತಿದ್ದಾರೆ, ಪಾತ್ರೆ ಇದೆ, ಪುಡಿ ಇದೆ, ಹಾಲು ಇದೆ, ಆ ರಿಂಗ್ ಒಂದರಿಂದ ಎಲ್ಲ ನಿಂತಿದೆ.

ಆನ್‌ಲೈನ್‌ನಲ್ಲಿ ನೋಡಿದೆ. ರಿಂಗ್ ಮತ್ತು ಜಾಲರಿ ಸೇರಿ 349 ರೂಪಾಯಿ. ಕೊಟ್ಟೆ. ಬಂದಿದ್ದು 6 ಕಪ್ಪಿನ ಪಾಟ್‌ನ ರಿಂಗ್. ನಮ್ಮದು 3 ಕಪ್ಪಿನದು, ನಾನು ಆರ್ಡರ್ ಮಾಡಿದ್ದೂ ಅದೇ ಅಳತೆ, ಕಳಿಸಿದ್ದು ಬೇರೆ. ವಾಪಸ್ ಕೊಡುತ್ತೇನೆ ಅಂದರೆ ಹೊಸ ವರ್ಷ ಆದಮೇಲೆ ಬರುತ್ತಾರಂತೆ. ಆಗ ವೈನಿ ಪುಣೆಯಲ್ಲಿ ಇರುತ್ತಾರೆ!

ಕೊನೆಗೆ ಪಾಟ್ ಚೀಲದಲ್ಲಿ ಹಾಕಿಕೊಂಡು ನಮ್ಮೂರ ಪೇಟೆ ಸುಪರ್ ಮಾರ್ಕೆಟ್‌ಗೆ ಹೋದೆ. ಕುಕ್ಕರ್, ಮಿಕ್ಸರ್ ರಿಪೇರಿ ಮಾಡುವ ಒಬ್ಬರು ಕಾಕಾ ಇದ್ದಾರೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ರಿ ಅಕ್ಕಾರ, ಹಾಲಿನ ಕುಕ್ಕರಾ?" ಅಂದರು. ಕಾಫಿದು ಅಂತ ಹೇಳಿ, ಕೆಲಸ ಮಾಡೋ ರೀತಿ ತೋರಿಸಿದೆ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಮೊದಲು ಒಂದು ಕಪ್ಪು ರಬ್ಬರ್ ತೆಗೆದರು, ನಾನು ಬೇಡ ಅಂದೆ. ಅದರ ವಾಸನೆ ಕಾಫಿಗೆ ಇಳಿಯುತ್ತದೆ. ಆಮೇಲೆ ಒಳಗಿಂದ ಬಿಳಿ ಸಿಲಿಕಾನ್ ಹಾಳೆ ತಂದರು, ಅಡುಗೆ ಪಾತ್ರೆಗೆ ಹಾಕುವಂಥದ್ದು. ನಮ್ಮ ಹಳೆಯ ರಿಂಗನ್ನೇ ಮೇಲಿಟ್ಟು ಪೆನ್ನಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಕೊರೆದರು. ಆ ಕೈ ನೋಡಬೇಕು! ಎಲ್ಲೂ ಅಂಕುಡೊಂಕಿಲ್ಲ. ಅಲ್ಲೇ ಕೂರಿಸಿ, ನೀರು ಹಾಕಿ, ಸ್ಟೋವ್ ಹಚ್ಚಿ ತೋರಿಸಿದರು. ಆವಿ ಹೊರಗೆ ಬರಲಿಲ್ಲ. 40 ರೂಪಾಯಿ ತಗೊಂಡರು. "ಬಾಜೂಕ ಇರೋ ಈ ವಾಲ್ವ್ ಸಾಫ್ ಇಟ್ಕೊಳ್ರಿ, ಅದು ಕಟ್ಟಿದ್ರ ಕಷ್ಟ" ಅಂತ ಬುದ್ಧಿಯನ್ನೂ ಹೇಳಿದರು. ಅದು ಸರಿಯಾದ ಮಾತು. ಪಕ್ಕದಲ್ಲಿ ಕಾಣುವ ಆ ಸಣ್ಣ ಹಿತ್ತಾಳೆ ವಾಲ್ವ್ ಒತ್ತಡ ಜಾಸ್ತಿಯಾದರೆ ಬಿಡುವುದಕ್ಕೆ ಇರೋದು. ನೀರನ್ನು ಯಾವತ್ತೂ ಅದರ ಕೆಳಗೇ ನಿಲ್ಲಿಸಬೇಕು.

ಅಯ್ಯೋ, ಈ ಕಡೆ ಪುಡಿ ಹಾಕಿದ ಶಾಟ್ ಮುಗಿದೇ ಹೋಯಿತು. ಬೇಗ ಹೇಳುತ್ತೇನೆ. ಪುಡಿಯನ್ನು ಒತ್ತಬಾರದು, ಸಡಿಲವಾಗಿ ತುಂಬಿ ಬೆರಳಿನಿಂದ ಸಮ ಮಾಡಬೇಕು. ಕೆಳಗೆ ಮೊದಲೇ ಬಿಸಿ ಮಾಡಿದ ನೀರು ಹಾಕಿದರೆ ಪುಡಿ ಜಾಸ್ತಿ ಹೊತ್ತು ಕಾಯಲ್ಲ, ಕಹಿ ಕಡಿಮೆ. ಉರಿ ಸಣ್ಣದಿರಲಿ. ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ.

ಪುಡಿ ಯಾವುದು? ಪಾಕೀಟಿನ ಹಿಂದೆ ಚಿಕೋರಿ ಎಷ್ಟು ಅಂತ ಓದಿ. ನಮ್ಮಲ್ಲಿ ಕಾಫಿ-ಚಿಕೋರಿ ಪುಡಿಯಲ್ಲಿ 49 ಪರ್ಸೆಂಟ್‌ವರೆಗೂ ಚಿಕೋರಿ ಇರಬಹುದು, ನಿಯಮದಲ್ಲೇ ಅವಕಾಶ ಇದೆ. ಫಿಲ್ಟರ್ ಕಾಫಿಗೆ ಅದು ಚೆನ್ನ, ನಾನೂ ಇಷ್ಟಪಟ್ಟು ಕುಡಿಯುತ್ತೇನೆ. ಕ್ಯಾಪುಚಿನೊಗೆ ಬೇಡ. ಚಿಕೋರಿ ಅಂದರೆ ಹುರಿದ ಬೇರು, ಹಾಲಿನ ಸಿಹಿಯನ್ನು ಅದು ಮುಚ್ಚಿಬಿಡುತ್ತದೆ. ಮೃದು ರುಚಿಯ ಅರೇಬಿಕಾ ಬೀಜದ ಜೊತೆ ಸ್ವಲ್ಪ ಖಡಕ್ ರೊಬಸ್ಟಾ ಬೀಜ ಇರುವ ಪುಡಿ ತರಿಸಿ. ಬರೀ ಅರೇಬಿಕಾ ಅಂದರೆ ಹಾಲಿನ ಮುಂದೆ ಸೋಲುತ್ತದೆ. ವೈನಿ ಇದನ್ನು ಒಪ್ಪಲ್ಲ. ಅವರು ಅರೇಬಿಕಾ ಪಕ್ಷ.

ನೀರಿನ ವಿಷಯವೂ ಇದೆ. ನಮ್ಮ ಬೋರ್ ನೀರು ಗಡಸು, ಪಾತ್ರೆಗಳಲ್ಲಿ ಬಿಳಿ ಪದರ ಕಟ್ಟೋದು ಎಲ್ಲರೂ ನೋಡಿದ್ದೀರಿ. ಅದರಲ್ಲಿ ಕಾಫಿ ಮಾಡಿದರೆ ರುಚಿ ಚಪ್ಪೆ. ಹಾಗಂತ ಆರ್‌ಒ ನೀರು ಒಂದನ್ನೇ ಹಾಕಿದರೂ ಸರಿಯಾಗಲ್ಲ, ಲವಣ ತೀರಾ ಕಡಿಮೆ ಇದ್ದರೆ ಕಾಫಿಯ ರುಚಿ ಪೂರ್ತಿ ಇಳಿಯಲ್ಲ. ಲೀಟರಿಗೆ 150 ಮಿಲಿಗ್ರಾಂ ಸುತ್ತಮುತ್ತ ಕರಗಿದ ಲವಣ ಇದ್ದರೆ ಒಳ್ಳೆಯದು ಅನ್ನೋದು ಕಾಫಿಯವರ ಲೆಕ್ಕ. ನಾನು ಆರ್‌ಒ ನೀರಿಗೆ ಕಾಯಿಸಿ ಸೋಸಿದ ನಲ್ಲಿ ನೀರು ಸ್ವಲ್ಪ ಬೆರೆಸುತ್ತೇನೆ.

ಈಗ ಹಾಲು. ಕ್ಯಾಪುಚಿನೊ ಚೆನ್ನಾಗಿ ಬಂತಾ ಇಲ್ಲವಾ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಇಟಲಿಯವರ ಲೆಕ್ಕ ಹೀಗಿದೆ: 25 ಎಂಎಲ್ ಎಸ್ಪ್ರೆಸೊ, 100 ಎಂಎಲ್ ತಣ್ಣನೆಯ ಹಾಲು. ಆ ಹಾಲು ನೊರೆಯಾಗಿ 125 ಎಂಎಲ್ ಆಗಬೇಕು, ಬಿಸಿ 55 ಡಿಗ್ರಿ ಸುತ್ತಮುತ್ತ. ಅಂದರೆ ಕಪ್ ಚಿಕ್ಕದು! ಕೆಲವು ಕೆಫೆಗಳಲ್ಲಿ ಬಟ್ಟಲಿನಷ್ಟು ದೊಡ್ಡ ಕಪ್ಪಿನಲ್ಲಿ ಹಾಲು ತುಂಬಿ 200 ರೂಪಾಯಿ ತಗೊಳ್ಳುತ್ತಾರೆ. ಅದು ಕಾಫಿ ವಾಸನೆಯ ಹಾಲು, ಅಷ್ಟೇ. ಮೊಕಾದ ಕಾಫಿ ಎಸ್ಪ್ರೆಸೊಗಿಂತ ಸ್ವಲ್ಪ ತೆಳು ಆದ್ದರಿಂದ ನಾನು 25ರ ಬದಲು 40 ಎಂಎಲ್ ಹಾಕುತ್ತೇನೆ.

ನಮ್ಮ ಮನೆಗೆ ಬರೋದು ಎಮ್ಮೆ ಹಾಲು. ಎಮ್ಮೆ ಹಾಲಿನಲ್ಲಿ ಕ್ಯಾಪುಚಿನೊ ಆಗಲ್ಲ, ನೀಲಿ ಪಾಕೀಟಿನ ನಂದಿನಿಯೇ ಬೇಕು ಅಂತ ನಾನು ಹಿಂದೆ ಒಂದು ವಿಡಿಯೋದಲ್ಲಿ ಗಟ್ಟಿಯಾಗಿ ಹೇಳಿದ್ದೆ. ಈಗ ಹಾಗನ್ನಲ್ಲ. ನೊರೆ ಹಿಡಿದು ನಿಲ್ಲಿಸೋದು ಹಾಲಿನ ಪ್ರೋಟೀನ್. ಎಮ್ಮೆ ಹಾಲಿನಲ್ಲಿ ಅದು ಜಾಸ್ತಿಯೇ ಇದೆ. ಕೊಬ್ಬು ಮಾತ್ರ ಪಾಕೀಟಿನದರ ಎರಡರಷ್ಟು, ಕೆಲವು ಸಲ ಇನ್ನೂ ಜಾಸ್ತಿ. ನೀಲಿ ಪಾಕೀಟಿನಲ್ಲಿ 3 ಪರ್ಸೆಂಟ್ ಕೊಬ್ಬು, ಎಮ್ಮೆ ಹಾಲಿನಲ್ಲಿ 6-7. ಕೊಬ್ಬು ಜಾಸ್ತಿಯಾದರೆ ನೊರೆ ಭಾರವಾಗಿ ಬೇಗ ಕೂತುಬಿಡುತ್ತದೆ. ಅದಕ್ಕೇ ಈಗ ಅರ್ಧ ಎಮ್ಮೆ ಹಾಲು, ಅರ್ಧ ಪಾಕೀಟು. ಪಾಕೀಟಿನ ನೊರೆ, ಎಮ್ಮೆ ಹಾಲಿನ ರುಚಿ, ಎರಡೂ ಸಿಗುತ್ತವೆ. ಬರೀ ಪಾಕೀಟಿನದು ನನಗೆ ಈಗ ನೀರು ನೀರು ಅನ್ನಿಸುತ್ತದೆ.

ಎಮ್ಮೆ ಹಾಲನ್ನು ಒಂದು ಸಲ ಕಾಯಿಸಲೇಬೇಕು, ಹಸಿ ಹಾಲು ಬಳಸಬೇಡಿ. ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು, ಕೆನೆ ಪೂರ್ತಿ ತೆಗೆದು ಆಮೇಲೆ ಪಾಕೀಟಿನದರ ಜೊತೆ ಬೆರೆಸಿ. ಆ ಕೆನೆ ಅವ್ವ ಬೆಣ್ಣೆಗೆ ಎತ್ತಿಟ್ಟರು, ಇಲ್ಲಿ ಅವರ ಕೈ ಕಾಣಿಸ್ತಿದೆ.

ಬಿಸಿ ಮಾಡೋದು ನೋಡಿ. ಬೋಗುಣಿಯ ಹೊರಗೆ ಕೈ ಇಟ್ಟಿದ್ದೇನೆ. ಕೈ ಇನ್ನು ತಡೆಯಲ್ಲ ಅನ್ನಿಸಿದ ಮೇಲೆ ಒಂದೆರಡು ಕ್ಷಣ ಬಿಟ್ಟು ಇಳಿಸಿ, 60 ಡಿಗ್ರಿ ಹತ್ತಿರ ಇರುತ್ತದೆ. ಉಕ್ಕಿಸಬಾರದು. ನಮಗೆ ಹಾಲು ಅಂದರೆ ಉಕ್ಕಿಸಿಯೇ ರೂಢಿ, ಅವ್ವ "ಇನ್ನೂ ಕಾದಿಲ್ಲ, ಇಡು" ಅಂತಲೇ ಇದ್ದರು. 70 ದಾಟಿದರೆ ಬೆಂದ ಹಾಲಿನ ವಾಸನೆ ಬರುತ್ತದೆ, ಸಿಹಿ ಕಮ್ಮಿ ಅನ್ನಿಸುತ್ತದೆ. ಉಗುರುಬೆಚ್ಚಗೆ ಇದ್ದಾಗ ಕಡೆದರೂ ಆಗಲ್ಲ, ಆಗ ಕೊಬ್ಬು ಅರೆಬರೆ ಕರಗಿ ಗುಳ್ಳೆಗಳನ್ನು ಒಡೆದು ಹಾಕುತ್ತದೆ.

ಕಡೆಯೋಕೆ ಫ್ರೆಂಚ್ ಪ್ರೆಸ್, ಅಂದರೆ ಮೇಲೆ ಕೆಳಗೆ ಒತ್ತುವ ಜಾಲರಿ ಇರುವ ಕಾಫಿ ಪಾತ್ರೆ. ಬ್ಯಾಟರಿಯಿಂದ ತಿರುಗುವ ಕಡೆಯೋ ಕಡ್ಡಿಗಿಂತ ಇದೇ ಚೆನ್ನ, ಕಡ್ಡಿಯಲ್ಲಿ ದೊಡ್ಡ ಗುಳ್ಳೆ ಏಳುತ್ತದೆ. ಪಾತ್ರೆ ಅರ್ಧಕ್ಕಿಂತ ಕಮ್ಮಿ ತುಂಬಿ, ಮೊದಲು ಮೇಲ್ಭಾಗದಲ್ಲಿ ಗಾಳಿ ಎಳೆಯಿರಿ, ಆಮೇಲೆ ಪೂರ್ತಿ ಕೆಳಗಿನವರೆಗೆ ಒತ್ತಿ. ನಂತರ ಪಾತ್ರೆಯನ್ನು ಕಟ್ಟೆಗೆ ಟಕ್ ಅಂತ ಕುಟ್ಟಿ, ಗರಗರ ತಿರುಗಿಸಿ. ನೊರೆ ಹೊಸದಾಗಿ ಬಳಿದ ಪೇಂಟ್ ಹಾಗೆ ಹೊಳೆಯಬೇಕು. ಒಣ ಗುಳ್ಳೆ ಕಂಡರೆ ಇನ್ನೂ ಒಂದೆರಡು ಸಲ ಕುಟ್ಟಿ. ತಡ ಮಾಡಬೇಡಿ, ನಿಂತರೆ ಹಾಲು ಬೇರೆ, ನೊರೆ ಬೇರೆ ಆಗಿಬಿಡುತ್ತದೆ.

ಸುರಿಯೋದು ಕಾಣಿಸ್ತಾ ಇದೆಯಲ್ಲ, ಅದನ್ನು ಹೇಳಲ್ಲ. ಮೇಲೆ ಹೂವು, ಎಲೆ ಚಿತ್ರ ಬರಲಿಲ್ಲ, ಬಿಳಿ ಉಂಡೆ ಬಂತು. ಇಟಲಿಯ ಹಳೆಯ ಕಾಫಿ ಬಾರ್‌ಗಳಲ್ಲೂ ಹೀಗೇ ಕೊಡುತ್ತಾರೆ.

ಜೊತೆಗೆ ಶೇಂಗಾ ಹೋಳಿಗೆ, ಹಬ್ಬದ್ದು ಇನ್ನೂ ಡಬ್ಬಿ ತುಂಬ ಇದೆ. ಕ್ಯಾಪುಚಿನೊಗೆ ಕೇಕ್ ಬೇಕು ಅಂತ ಯಾರು ಹೇಳಿದರೋ! ಬೆಲ್ಲ, ಎಳ್ಳು, ಹುರಿದ ಶೇಂಗಾದ ಜೊತೆ ಕಾಫಿಯ ಕಹಿ ಎಷ್ಟು ಸರಿಯಾಗಿ ಕೂರುತ್ತದೆ ಅಂದರೆ, ಸಕ್ಕರೆಯೇ ಬೇಡ. ವೈನಿ ಮೊದಲ ಗುಟುಕಿಗೇ "ಹಾಂ, ಇದು!" ಅಂದರು. ಅಪ್ಪ ಎರಡು ಚಮಚ ಸಕ್ಕರೆ ಹಾಕಿಕೊಂಡು ಪೂರ್ತಿ ಕುಡಿದು, "ಛಲೋ ಅದ, ಆದ್ರ ಚಹಾ ಯಾವಾಗ ಮಾಡ್ತಿ?" ಅಂತ ಕೇಳಿದರು. ಮಾಡುತ್ತಿದ್ದೇನೆ, ಆ ಹಿಂದಿನ ಒಲೆ ಮೇಲೆ ಇರೋದು ಅದೇ.

ಮಕ್ಕಳಿಗೆ ಕಾಫಿ ಇಲ್ಲ, ಇದೇ ನೊರೆ ಹಾಲಿಗೆ ಕೋಕೋ ಪುಡಿ, ಬೆಲ್ಲ. ಪಾಕೀಟು ಖಾಲಿಯಾಗಿದೆ, ಅಂಗಡಿ ಮುಚ್ಚೋದರೊಳಗೆ ಹೋಗಬೇಕು. ರಿಂಗ್ ಬೇಕಾದವರು ನಿಮ್ಮ ಪಾಟ್ ಎಷ್ಟು ಕಪ್ಪಿನದು ಅಂತ ಮೊದಲು ನೋಡಿಕೊಳ್ಳಿ, ಹಳೆಯ ರಿಂಗ್ ಎಸೆಯದೆ ಜೊತೆಗೇ ತಗೊಂಡು ಹೋಗಿ. ಬರ್ತೀನಿ.