ಅಧಿಕಾರಿಯ ಮೇಲಿನ ದೂರನ್ನು ಕೇಳುವವರು ಯಾರು?

ನಮಸ್ಕಾರ. ಐಎಎಸ್, ಕೆಎಎಸ್‌ಗೆ ಓದುವವರಿಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮಾಕ್ಸ್ ವೆಬರ್ ಹೆಸರು ಗೊತ್ತೇ ಇರುತ್ತದೆ. ಅಧಿಕಾರಿಗಳ ಆಡಳಿತ ಹೇಗಿರುತ್ತದೆ ಎಂದು ಅವನು ಪಟ್ಟಿ ಕೊಟ್ಟ. ಮೇಲಧಿಕಾರಿ, ಕೆಳಗಿನವರು, ಬರೆದಿಟ್ಟ ನಿಯಮ, ಕಡತ, ಅರ್ಹತೆ ನೋಡಿ ನೇಮಕ. ಈ ಪಟ್ಟಿ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಆದರೆ ವೆಬರ್‌ನನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ಬಲ ಇರುವ ಆಡಳಿತವನ್ನು ಹೊರಗಿನಿಂದ ವಿಚಾರಿಸುವವರು ಯಾರು? ಜರ್ಮನಿಯಲ್ಲಿ ಈ ಪ್ರಶ್ನೆ ಅವನಿಗಿಂತ ಹಳೆಯದು.

1820ರ ಸುಮಾರಿಗೆ ಬರ್ಲಿನ್‌ನಲ್ಲಿ ಪಾಠ ಹೇಳುತ್ತಿದ್ದ ತತ್ವಜ್ಞಾನಿ ಹೆಗೆಲ್‌ಗೆ ಅಧಿಕಾರಿಗಳ ಮೇಲೆ ತುಂಬ ನಂಬಿಕೆ. ಉಳಿದವರು ತಮ್ಮ ಲಾಭ ನೋಡುತ್ತಾರೆ, ಸಂಬಳ ಪಡೆಯುವ, ಓದಿದ ಅಧಿಕಾರಿ ಎಲ್ಲರ ಹಿತ ನೋಡಬಲ್ಲ ಎಂದ. ತಪ್ಪಿದರೆ ಮೇಲಧಿಕಾರಿ ಇದ್ದಾನೆ, ಕಸುಬಿನ ಸಂಘಗಳಿವೆ ಎಂದ.

ಆದರೆ ನಡೆದದ್ದು ನೋಡಿ. ಆಗಿನ ಜರ್ಮನ್ ರಾಜ್ಯ ಪ್ರಶ್ಯದ ಆಡಳಿತದಲ್ಲಿದ್ದ ಮೊಸೆಲ್ ನದಿ ಕಣಿವೆಯ ದ್ರಾಕ್ಷಿ ಬೆಳೆಗಾರರು ಕಂಗಾಲಾಗಿದ್ದರು. ಅವರ ಸಂಘ ಸರ್ಕಾರಕ್ಕೆ ಮನವಿ ಕೊಟ್ಟಿತು. ಸರ್ಕಾರ ಅಭಿಪ್ರಾಯ ಕೇಳಿದ್ದು ಯಾರನ್ನು? ಭೂಕಂದಾಯದ ಲೆಕ್ಕ ನೋಡುವ ಅಧಿಕಾರಿಯನ್ನೇ! ಅವನು ಇಲಾಖೆಯ ಲೆಕ್ಕವನ್ನೇ ಸಮರ್ಥಿಸಿದ. 1843ರ ಜನವರಿಯಲ್ಲಿ 24 ವರ್ಷದ ಕಾರ್ಲ್ ಮಾರ್ಕ್ಸ್ ತನ್ನ ಪತ್ರಿಕೆಯಲ್ಲಿ ಇದನ್ನು ಎಳೆ ಎಳೆಯಾಗಿ ಬಿಡಿಸಿಟ್ಟ. ಅವನೂ ಅದೇ ಕಣಿವೆಯ ಟ್ರಿಯರ್ ಊರಿನವನು. ಅಧಿಕಾರಿ ಕೆಟ್ಟವನು ಎಂಬುದು ಅವನ ವಾದವಲ್ಲ, ನನಗೆ ಮುಖ್ಯ ಅನ್ನಿಸುವುದು ಅದೇ. ತನ್ನ ಇಲಾಖೆ ಸರಿಯಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿದವನೇ ದೂರು ವಿಚಾರಿಸಿದರೆ, ತಪ್ಪು ಬೆಳೆಗಾರನ ತಲೆಗೇ ಬರುತ್ತದೆ, ಅಲ್ವಾ? ಅದಕ್ಕೇ ಎರಡೂ ಕಡೆಗೆ ಸೇರದ ಮೂರನೆಯದೊಂದು ಬೇಕು, ಅದು ಸ್ವತಂತ್ರ ಪತ್ರಿಕೆ ಎಂದ. ಮಾರ್ಚ್ ಮುಗಿಯುವಷ್ಟರಲ್ಲಿ ಸರ್ಕಾರ ಆ ಪತ್ರಿಕೆಯನ್ನೇ ಮುಚ್ಚಿಸಿತು.

ವೆಬರ್ ಮಾರ್ಕ್ಸ್‌ವಾದಿಯಲ್ಲ. ಸಮಾಜವಾದ ಬಂದರೆ ಅಧಿಕಾರಿಗಳ ಹಿಡಿತ ಇನ್ನೂ ಜಾಸ್ತಿಯಾಗುತ್ತದೆ ಎಂದು ಎಚ್ಚರಿಸಿದವನು. ಆದರೂ ಈ ವಿಷಯದಲ್ಲಿ ಅವನು ಹೆಗೆಲ್‌ಗಿಂತ ಮಾರ್ಕ್ಸ್‌ಗೇ ಹತ್ತಿರ. ಮಾಹಿತಿಯನ್ನು ಗುಟ್ಟಾಗಿಡುವುದರಿಂದಲೂ ಕಚೇರಿಗೆ ಬಲ ಬರುತ್ತದೆ ಎಂದು ಕಂಡುಕೊಂಡ. ಹಾಗಾಗಿ ಸಂಸತ್ತಿಗೆ ತನಿಖೆಯ ಹಕ್ಕು ಬೇಕು, ಬಹುಮತ ಇಲ್ಲದವರು ಕೇಳಿದರೂ ತನಿಖೆ ನಡೆಯಬೇಕು ಎಂದು ಮೊದಲ ಮಹಾಯುದ್ಧದ ಹೊತ್ತಿನಲ್ಲೇ ವಾದಿಸಿದ. ಯುದ್ಧದ ನಂತರ ಜರ್ಮನಿಗೆ ಬಂದ 1919ರ ವೈಮಾರ್ ಸಂವಿಧಾನದ 34ನೇ ವಿಧಿಯಲ್ಲಿ ಈ ಹಕ್ಕು ಬಂತು. ಐದರಲ್ಲಿ ಒಂದು ಪಾಲು ಸದಸ್ಯರು ಕೇಳಿದರೆ ಸಮಿತಿ ರಚಿಸಲೇಬೇಕು. ಸಮಿತಿ ಕೇಳಿದ ಕಡತವನ್ನು ಕಚೇರಿ ಕೊಡಲೇಬೇಕು. ಇವತ್ತಿನ ಜರ್ಮನಿಯ ಸಂವಿಧಾನದಲ್ಲೂ ಇದು ಉಳಿದಿದೆ, ನಾಲ್ಕರಲ್ಲಿ ಒಂದು ಪಾಲು ಸದಸ್ಯರು ಕೇಳಬೇಕು ಅಷ್ಟೇ.