ಚೀನೀ ವಿದ್ಯಾರ್ಥಿಗೆ ಇಂಗ್ಲಿಷ್ ಪದಗಳ ಚರಿತ್ರೆ ಏಕೆ ಬೇಕು

ಕೇಳುಗರಿಗೆ ನಮಸ್ಕಾರ.

ಚೀನೀ ಭಾಷೆಯಲ್ಲಿ ದನಕ್ಕೆ 'ನ್ಯೂ', ಹಂದಿಗೆ 'ಜೂ', ಕುರಿಗೆ 'ಯಾಂಗ್', ಮಾಂಸಕ್ಕೆ 'ರೋ' ಎನ್ನುತ್ತಾರೆ. ದನದ ಮಾಂಸ 'ನ್ಯೂರೋ', ಹಂದಿಯದು 'ಜೂರೋ', ಕುರಿಯದು 'ಯಾಂಗ್‌ರೋ'. ನಾಲ್ಕು ಪದ ಬಲ್ಲ ಮಗು ಏಳು ವಸ್ತುಗಳನ್ನು ಹೆಸರಿಸುತ್ತದೆ. ಇಂಗ್ಲಿಷ್ ಕಲಿಯಲು ಕುಳಿತಾಗ ಅದೇ ಮಗುವಿಗೆ ಕೌ, ಪಿಗ್, ಶೀಪ್, ಮೀಟ್ ಸಾಲುವುದಿಲ್ಲ. ಬೀಫ್, ಪೋರ್ಕ್, ಮಟನ್ ಎಂಬ ಇನ್ನೂ ಮೂರನ್ನು ಬಾಯಿಪಾಠ ಮಾಡಬೇಕು. ಚೀನಾದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರುಹೊಡೆಯುವ ಅಕಾರಾದಿ ಪದಪಟ್ಟಿಗಳು 'ಅಬಾಂಡನ್' ಎಂಬ ಪದದಿಂದ ಆರಂಭವಾಗುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಪಟ್ಟಿಯಲ್ಲಿ ಕೌ ಒಂದು ಕಡೆ, ಬೀಫ್ ಇನ್ನೊಂದು ಕಡೆ. ನಡುವಿನ ನಂಟನ್ನು ಹೇಳುವವರಿಲ್ಲ. ಆ ನಂಟು ಇರುವುದು ಚರಿತ್ರೆಯಲ್ಲಿ, ಮತ್ತು ಅದನ್ನು ಮೊದಲೇ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಸಮುದ್ರ ದಾಟಿ ಬ್ರಿಟನ್ನಿಗೆ ಬಂದ ಆಂಗ್ಲರು, ಸ್ಯಾಕ್ಸನ್ನರು ಮತ್ತು ಜೂಟರು ತಂದ ಜರ್ಮಾನಿಕ್ ನುಡಿಯೇ ಇಂಗ್ಲಿಷಿನ ತಳಪಾಯ. ಎಂಟನೆಯ ಶತಮಾನದ ಕೊನೆಯಿಂದ ದಾಳಿಯಿಟ್ಟು, ಆಮೇಲೆ ಅಲ್ಲಿಯೇ ನೆಲೆನಿಂತ ಸ್ಕ್ಯಾಂಡಿನೇವಿಯದ ವೈಕಿಂಗರು ಅದಕ್ಕೆ ಸ್ಕೈ, ಎಗ್, ಟೇಕ್, ಲಾ ಎಂಬ ಪದಗಳನ್ನಷ್ಟೇ ಅಲ್ಲದೆ 'ದೇ' ಎಂಬ ಸರ್ವನಾಮವನ್ನೂ ಕೊಟ್ಟರು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನ ಯುದ್ಧವನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು, ಹೊಲಮನೆಗಳಲ್ಲಿ ಇಂಗ್ಲಿಷ್ ಉಳಿಯಿತು. ದನ ಮೇಯಿಸಿದವನ ಪದ ಕೌ, ಉಂಡವನ ಪದ ಬೀಫ್ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇದರಲ್ಲಿ ಸತ್ಯವಿದೆ, ಆದರೆ ಪೂರ್ತಿಯಲ್ಲ. ಬೀಫ್ ಎಂಬುದು ಬಹುಕಾಲ ಜೀವಂತ ಎತ್ತಿಗೂ ಸಲ್ಲುತ್ತಿತ್ತು, ಈಗಿನ ಅಚ್ಚುಕಟ್ಟಾದ ವಿಂಗಡಣೆ ನಿಧಾನವಾಗಿ ನೆಲೆಗೊಂಡಿತು.

ಯೂರೋಪಿನ ನವೋದಯ (ರಿನೈಸಾನ್ಸ್) ಕಾಲದ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಪದಗಳನ್ನು ಧಾರಾಳವಾಗಿ ತಂದರು. ಹೀಗಾಗಿ ಒಂದೇ ಕ್ರಿಯೆಗೆ ಮೂರು ಸ್ತರದ ಪದಗಳು ನಿಂತವು: ದೇಶೀಯವಾದ ಆಸ್ಕ್, ಫ್ರೆಂಚಿನಿಂದ ಬಂದ ಕ್ವೆಶ್ಚನ್, ಲ್ಯಾಟಿನ್ ಮೂಲದ ಇಂಟರಾಗೇಟ್. ವಿದ್ಯಾರ್ಥಿ ಮೇಷ್ಟರನ್ನು ಆಸ್ಕ್ ಮಾಡುತ್ತಾನೆ, ಪೊಲೀಸರು ಆರೋಪಿಯನ್ನು ಇಂಟರಾಗೇಟ್ ಮಾಡುತ್ತಾರೆ. ಯಾವ ಪದ ಮನೆಮಾತಿಗೆ, ಯಾವುದು ಕಚೇರಿಗೆ ಎಂಬ ವಿವೇಕ ಅರ್ಥಕೋಶದಿಂದ ಸುಲಭವಾಗಿ ಬಾರದು. ಪದ ಯಾವ ಸ್ತರದ್ದು ಎಂದು ತಿಳಿದವನಿಗೆ ಅದು ಬೇಗ ಒಲಿಯುತ್ತದೆ.

ಕಾಗುಣಿತದ ಕಷ್ಟವೂ ಚರಿತ್ರೆಯದೇ. ಚೀನೀ ನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್ ಲಿಪ್ಯಂತರದಲ್ಲಿ ಬರೆದದ್ದಕ್ಕೂ ಓದುವುದಕ್ಕೂ ಬಹುಮಟ್ಟಿಗೆ ಹೊಂದಾಣಿಕೆಯಿದೆ. ರೋಮನ್ ಅಕ್ಷರಗಳನ್ನು ಹಾಗೆ ಕಲಿತ ಮಗುವಿಗೆ ಯೋಧ ಎಂಬರ್ಥದ 'ನೈಟ್' ಪದದ ಮೊದಲಲ್ಲಿ ಮೌನವಾದ ಕೆ ಅಕ್ಷರವೂ ನಡುವೆ ಜಿ, ಎಚ್ ಎಂಬ ಎರಡು ಮೌನಾಕ್ಷರಗಳೂ ಕಂಡರೆ ಗೊಂದಲವಾಗುವುದು ಸಹಜ. ಆ ಅಕ್ಷರಗಳೆಲ್ಲ ಹಿಂದೆ ನಿಜವಾಗಿ ಉಚ್ಚಾರಗೊಳ್ಳುತ್ತಿದ್ದವು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ನಂತರ ಬರವಣಿಗೆ ಕ್ರಮೇಣ ಒಂದು ರೂಪಕ್ಕೆ ನಿಂತಿತು, ನಾಲಗೆ ನಿಲ್ಲಲಿಲ್ಲ. ಸುಮಾರು 1400ರಿಂದ 1700ರವರೆಗೆ ದೀರ್ಘಸ್ವರಗಳೆಲ್ಲ ಬಾಯಲ್ಲಿ ಹುಟ್ಟುವ ಸ್ಥಾನ ಬದಲಿಸಿದವು. ಇಂದಿನ 'ನೇಮ್' ಎಂಬ ಪದವನ್ನು ಅದಕ್ಕೆ ಮೊದಲು ನಮ್ಮ 'ನಾಮ'ದಂತೆಯೇ ಹೇಳುತ್ತಿದ್ದರು, ಎರಡೂ ಪದಗಳ ಮೂಲವೂ ಒಂದೇ. ಸಾಲ ಎಂಬರ್ಥದ 'ಡೆಟ್' ಪದದಲ್ಲಿರುವ ಬಿ ಅಕ್ಷರದ ಕಥೆ ಬೇರೆ. ಅದನ್ನು ಯಾರೂ ಉಚ್ಚರಿಸಿರಲಿಲ್ಲ, ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ತಂದು ಸೇರಿಸಿದರು.

ಲ್ಯಾಟಿನ್, ಗ್ರೀಕ್ ಮೂಲದ ಉದ್ದುದ್ದ ಪದಗಳೇ ಚೀನೀ ವಿದ್ಯಾರ್ಥಿಗೆ ಹತ್ತಿರವಾಗಬಲ್ಲವು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಅವನ ಭಾಷೆಯಲ್ಲಿ 'ದ್ಯೆನ್' ಎಂದರೆ ವಿದ್ಯುತ್ತು. ಅದಕ್ಕೆ ಮಾತು ಸೇರಿದರೆ ದೂರವಾಣಿ, ನೆರಳು ಸೇರಿದರೆ ಸಿನಿಮಾ, ಮಿದುಳು ಸೇರಿದರೆ ಕಂಪ್ಯೂಟರ್. ಇಂಗ್ಲಿಷಿನಲ್ಲಿಯೂ ಹೊರುವುದು ಎಂಬರ್ಥದ 'ಪೋರ್ಟ್' ಧಾತುವಿನಿಂದ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಆಗಿವೆ. ತುಂಡು ಸೇರಿಸಿ ಅರ್ಥ ಕಟ್ಟುವ ಈ ಕೆಲಸ ಅವನಿಗೆ ಹುಟ್ಟಿನಿಂದ ಬಂದದ್ದು. ಇನ್ನು ಚೀನಾದಿಂದಲೇ ಇಂಗ್ಲಿಷಿಗೆ ಹೋದ ಪದಗಳೂ ಉಂಟು: 'ಟೀ' ದಕ್ಷಿಣ ಚೀನಾದ ಮಿನ್ ನುಡಿಯಿಂದ ಡಚ್ ವರ್ತಕರ ಮೂಲಕ ಹೋಯಿತು. ನಾವು ಹೇಳುವ 'ಚಹಾ' ಚೀನಾದ ಬೇರೆಡೆಯ 'ಚಾ' ಎಂಬ ಉಚ್ಚಾರದ ಸಂತತಿ.

ಆದರೆ ಧಾತುಗಳ ಈ ಮಾರ್ಗ ಕೊನೆಯವರೆಗೂ ಕೊಂಡೊಯ್ಯುವುದಿಲ್ಲ. ದಿನನಿತ್ಯದ ಮಾತು ನಡೆಯುವುದು ಗೆಟ್, ಪುಟ್, ಟೇಕ್‌ಗಳಂಥ ಸಣ್ಣ ಹಳೆಯ ಪದಗಳ ಮೇಲೆ, ಅವುಗಳನ್ನು ಒಡೆಯಲಾಗದು. ಅವು ಔಟ್, ಇನ್, ಆಫ್‌ಗಳೊಡನೆ ಕೂಡಿದಾಗಲಂತೂ ವಿದ್ಯಾರ್ಥಿಗಳು ಹಿಂಜರಿದು ಒಂದೇ ಪದದ ಕ್ರಿಯಾಪದವನ್ನು ಹುಡುಕುತ್ತಾರೆ. ಇಲ್ಲಿಯೂ ಆಸರೆ ಇಲ್ಲದಿಲ್ಲ. ಚೀನೀಯಲ್ಲಿ ತೆಗೆದುಕೊ ಎಂಬರ್ಥದ 'ನಾ' ಕ್ರಿಯಾಪದಕ್ಕೆ ಹೊರಬರು ಎಂಬರ್ಥದ 'ಚೂಲಾಯ್' ಸೇರಿಸಿದರೆ ಹೊರತೆಗೆ ಎಂದಾಗುತ್ತದೆ, ಅದು 'ಟೇಕ್ ಔಟ್' ರಚನೆಯನ್ನೇ ಹೋಲುತ್ತದೆ. ಶಿಕ್ಷಕರು ಅಲ್ಲಿಂದ ಆರಂಭಿಸಬಹುದು. 'ಟೇಕ್ ಇನ್' ಎಂದರೆ ಒಳಗೆ ತೆಗೆದುಕೊ ಎಂಬುದರ ಜೊತೆಗೆ ಮೋಸಗೊಳಿಸು ಎಂದೂ ಆಗುತ್ತದೆ. ಅಂಥ ಬಳಕೆಗಳನ್ನು ಮಾತ್ರ ಒಂದೊಂದಾಗಿ, ಪೂರ್ಣ ವಾಕ್ಯಗಳಲ್ಲಿ ಕೇಳಿಸಿ, ಹೇಳಿಸಿ ರೂಢಿಮಾಡಿಸಬೇಕು.