ಕೋಟೆ ನೋಡಲು ಬಂದರೆ ಗುಡ್ಡ ಸಿಕ್ಕಿತು! | ಥೆಟ್‌ಫರ್ಡ್, ಇಂಗ್ಲೆಂಡ್

ಕೋಟೆ ಎಲ್ಲಿ ಅಂತ ಹುಡುಕಬೇಡಿ. ಸ್ಕ್ರೀನ್ ತುಂಬ ಕಾಣುತ್ತಿರುವ ಈ ಹಸಿರು ಗುಡ್ಡವೇ ಕೋಟೆ. ನಾವೀಗ ಇಂಗ್ಲೆಂಡಿನ ನಾರ್ಫಕ್‌ನಲ್ಲಿರುವ ಥೆಟ್‌ಫರ್ಡ್‌ನಲ್ಲಿ ಇದ್ದೇವೆ. ಗೋಡೆ, ಬುರುಜು, ಹೆಬ್ಬಾಗಿಲು ಏನೂ ಇಲ್ಲ.

1066ರಲ್ಲಿ ನಾರ್ಮನ್ನರು ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದರು. ಗೆದ್ದಿದ್ದೇನೋ ಸರಿ, ಸುತ್ತಲೂ ಸಿಟ್ಟಿಗೆದ್ದ ಜನ. ಕಲ್ಲು ಕಡೆದು ಕೋಟೆ ಕಟ್ಟಲು ಪುರುಸೊತ್ತೆಲ್ಲಿ? ಸುತ್ತ ಕಂದಕ ತೋಡಿಸಿದರು. ಆ ಮಣ್ಣನ್ನೇ ನಡುವೆ ಪೇರಿಸಿ ದಿಣ್ಣೆ ಮಾಡಿಸಿ, ಮೇಲೆ ಮರದ ಗೋಪುರ ನಿಲ್ಲಿಸಿದರು. ದಿಣ್ಣೆಗೆ ಮಾಟ್ (motte) ಅಂತಾರೆ. ಪಕ್ಕದಲ್ಲಿ ಬೇಲಿ ಹಾಕಿದ ಅಂಗಳ, ಅದು ಬೈಲಿ. ಅಡುಗೆಮನೆ, ಕುದುರೆ ಲಾಯ, ಆಳುಕಾಳು ಎಲ್ಲಾ ಅಲ್ಲೇ.

ಇಲ್ಲಿನ ದಿಣ್ಣೆ ಸುಮಾರು 20 ಮೀಟರ್ ಎತ್ತರ. ಜೆಸಿಬಿ ಇಲ್ಲದ ಕಾಲ, ಬರೀ ಸಲಿಕೆ, ಬುಟ್ಟಿ! ಬಾಯೋ ಕಸೂತಿ ಅಂತ ಅದೇ ಕಾಲದ ಉದ್ದನೆಯ ಬಟ್ಟೆಯೊಂದಿದೆ. ಹೇಸ್ಟಿಂಗ್ಸ್‌ನಲ್ಲಿ ಇಂಥದ್ದೇ ದಿಣ್ಣೆ ಹಾಕುವ ಚಿತ್ರ ಅದರಲ್ಲಿದೆ. ಕೆಲವರು ಮಣ್ಣು ಎತ್ತಿ ಹಾಕುತ್ತಿದ್ದರೆ, ಇಬ್ಬರು ಸಲಿಕೆ ಹಿಡಿದು ಬಡಿದಾಡುತ್ತಿದ್ದಾರೆ. ರಾಜರಿಗಿಂತ ನನಗೆ ಆ ಇಬ್ಬರೇ ಜಾಸ್ತಿ ಇಷ್ಟ.

ಸ್ವಲ್ಪ ಹತ್ತಿರ ಬನ್ನಿ. ಮೆಟ್ಟಿಲ ಪಕ್ಕ ಹುಲ್ಲು ಸವೆದ ಕಡೆ ಬೆಳ್ಳಗೆ ಕಾಣುತ್ತಿದೆ ನೋಡಿ. ಅದು ಚಾಕ್, ಸುಣ್ಣದಂಥ ಮೆದು ಕಲ್ಲು. ಇಡೀ ದಿಣ್ಣೆಗೆ ಪೇರಿಸಿರುವುದು ಇದನ್ನೇ. ಹುಲ್ಲು ಬೆಳೆಯುವ ಮೊದಲು ಇದು ಅಚ್ಚ ಬಿಳಿಯಾಗಿ, ದೂರದಿಂದಲೇ ಕಣ್ಣು ಕುಕ್ಕುವ ಹಾಗೆ ಇದ್ದಿರಬೇಕು. ಸೋತ ಊರಿನವರಿಗೆ ದಿನಾ ಬೆಳಗಾದರೆ ಅದೇ ದರ್ಶನ, ಅಲ್ವಾ?

ಈಗ ಡ್ರೋನ್ ಶಾಟ್. ಉತ್ತರಕ್ಕೆ ಎರಡು ಸಾಲು ಏರಿ, ಎರಡು ಸಾಲು ಕಂದಕ ಕಾಣುತ್ತವಲ್ಲ, ಅವು ನಾರ್ಮನ್ನರಿಗಿಂತ ಸಾವಿರ ವರ್ಷಕ್ಕೂ ಹಳೆಯವು. ಕಬ್ಬಿಣ ಯುಗದವರು ತೋಡಿಟ್ಟಿದ್ದು. ನಾರ್ಮನ್ನರು ಅದರೊಳಗೇ ಬಂದು ಕೂತರು. ಅರ್ಧ ಕೆಲಸ ಪುಕ್ಕಟೆ!

ಇಷ್ಟೆಲ್ಲಾ ಮಾಡಿ 1173ರಲ್ಲಿ, ಎರಡನೇ ಹೆನ್ರಿಯ ಕಾಲದಲ್ಲಿ, ಕೋಟೆಯನ್ನು ಕೆಡವಿದರು. ಮರದ್ದೆಲ್ಲಾ ಹೋಯಿತು. ಇಷ್ಟು ಮಣ್ಣನ್ನು ಯಾರು ತಾನೇ ತೆಗೆದು ಹಾಕುತ್ತಾರೆ? ಆಮೇಲೆ ಬಂದ ಜನ ಇದನ್ನು ಸೈತಾನ ಬೂಟಿನ ಮಣ್ಣು ಕೆರೆದು ಹಾಕಿದ ಗುಡ್ಡೆ ಅಂದರು. ಸಲಿಕೆ ಹಿಡಿದವರ ಹೆಸರೇ ಇಲ್ಲ, ಕ್ರೆಡಿಟ್ಟೆಲ್ಲಾ ಸೈತಾನನಿಗೆ.

ಬಂದರೆ ಮರದ ಮೆಟ್ಟಿಲಲ್ಲೇ ಹತ್ತಿ. ಶಾರ್ಟ್‌ಕಟ್ ಅಂತ ಹುಲ್ಲಿನ ಮೇಲೆ ಹತ್ತಿದರೆ ಚಾಕ್ ಸವೆದು ಕೆಳಗಿಳಿಯುತ್ತದೆ. ಮಳೆ ಬಂದಾಗಂತೂ ವಿಪರೀತ ಜಾರುತ್ತದೆ.